ಕೇರೆಹಾವಿನ ಮಂಡಿ ಲೇಪ

ಮಂಡಿ ನೋವಿನಿಂದ ಕೆರೆಗಿಳಿದು ನೀರು ಕುಡಿಯಲೂ ಆಗದ ಮುದಿ ಆನೆ ಮೊದಲು ವೈದ್ಯ ಆಮೆಯ ಹತ್ತಿರ ಹೋಯಿತು.

"ಮೈಭಾರ ಇಳಿಸಿ, ದಿನಾ ಸ್ವಲ್ಪ ನಡೆಯಿರಿ. ನೋವು ಪೂರ್ತಿ ಹೋಗುವುದಿಲ್ಲ, ಹಿಡಿತಕ್ಕೆ ಬರುತ್ತದೆ" ಎಂದಿತು ಆಮೆ.

ಪೂರ್ತಿ ವಾಸಿ ಮಾಡಲು ಬಾರದವನು ಎಂಥ ವೈದ್ಯ ಎಂದು ಗೊಣಗುತ್ತ ಆನೆ ಸೀದಾ ಕೇರೆಹಾವಿನ ಹುತ್ತಕ್ಕೆ ಬಂತು. ಅಲ್ಲಿ ಆಗಲೇ ಉದ್ದನೆಯ ಸಾಲು ನಿಂತಿತ್ತು.

"ಈ ಲೇಪ ಹಚ್ಚಿಕೊಂಡು ಅಲ್ಲಾಡದೆ ಮಲಗಿ. ನಮ್ಮ ವಂಶದಲ್ಲಿ ಇವತ್ತಿನವರೆಗೆ ಒಬ್ಬರಿಗೂ ಮಂಡಿ ನೋವು ಬಂದಿಲ್ಲ" ಎಂದಿತು ಹಾವು.

ಆನೆಯ ಬೆನ್ನ ಮೇಲಿದ್ದ ಬೆಳ್ಳಕ್ಕಿ ತಡೆಯಲಾರದೆ ಪಿಸುಗುಟ್ಟಿತು: "ಅಜ್ಜಿ, ಇದಕ್ಕೆ ಮಂಡಿಯೇ ಇಲ್ಲವಲ್ಲ."

ಆನೆ ಭಕ್ತಿಯಿಂದ ಸೊಂಡಿಲು ಚಾಚಿ ಲೇಪ ತೆಗೆದುಕೊಂಡಿತು.

"ನೋಡು ಮತ್ತೆ, ನೋವನ್ನು ಬೇರು ಸಮೇತ ಕಿತ್ತು ಹಾಕಿಬಿಟ್ಟಿದೆ" ಎಂದಿತು ಬೆಳ್ಳಕ್ಕಿಗೆ.