ಗಾಜಿನ ಮುಚ್ಚಳದ ಗಾಲಿ

“ಗುರುಗಳೇ, ಹೊಸದಾಗಿ ಸೇರಿದ ಗವಿಸಿದ್ಧ ಇವತ್ತು ಎಲ್ಲರೆದುರು ‘ಧ್ಯಾನಕ್ಕೆ ಕೂತರೆ ನನಗೆ ಹಾಳು ಯೋಚನೆಗಳೇ ಬರುತ್ತವೆ’ ಎಂದುಬಿಟ್ಟ. ನಾವು ಯಾರೂ ಇಷ್ಟು ವರ್ಷದಲ್ಲಿ ಅಂಥ ಮಾತಾಡಿದ್ದಿಲ್ಲ. ಇಂಥವನನ್ನು ಮಠದಲ್ಲಿ ಇಟ್ಟುಕೊಳ್ಳುವುದು ಸರಿಯೇ?” ಎಂದು ಹಿರಿಯ ಶಿಷ್ಯ ಮೃತ್ಯುಂಜಯ ಕೇಳಿದ.

ಗುರು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಕಡಲ ದಂಡೆಯ ಒಂದು ಊರಿನಲ್ಲಿ ಒಬ್ಬ ಟ್ರೇಲರಿನವನಿದ್ದ. ದೋಣಿಗಳನ್ನು ಟ್ರೇಲರಿನ ಮೇಲೆ ಹೇರಿ, ದಂಡೆಯ ಇಳಿಜಾರಿನಲ್ಲಿ ನೀರಿಗೆ ಇಳಿಸುವುದು, ಮೀನು ಹಿಡಿದು ಬಂದ ಮೇಲೆ ಮತ್ತೆ ಎಳೆದು ತರುವುದು ಅವನ ಕೆಲಸ. ಆ ಕೆಲಸದಲ್ಲಿ ಗಾಲಿ ಉಪ್ಪುನೀರಿನಲ್ಲಿ ಮುಳುಗಲೇಬೇಕು. ರಸ್ತೆಯಲ್ಲಿ ಉರುಳಿ ಕಾದ ಗಾಲಿ ತಣ್ಣೀರಿಗೆ ಇಳಿದ ಕೂಡಲೇ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಗಿರುವ ಬೇರಿಂಗಿಗೆ ಆ ನೀರೇ ಯಮ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಮಳೆಗಾಲ ಮುಗಿದು ದೋಣಿ ಇಳಿಸುವ ಮೊದಲ ದಿನ ಊರ ಹಿರಿಯನಾದ ಗುರಿಕಾರ ಪ್ರತಿ ಟ್ರೇಲರಿನ ಗಾಲಿಗೂ ಕೈಯಾರೆ ಗ್ರೀಸ್ ತುಂಬುತ್ತಿದ್ದ. ಅವನು ಮುಚ್ಚಿದ ಗಾಲಿಯನ್ನು ಮುಂದಿನ ಮಳೆಗಾಲದವರೆಗೆ ಯಾರೂ ಬಿಚ್ಚಬಾರದು. ಬಿಚ್ಚಿದರೆ ಹಿರಿಯನ ಕೈಯನ್ನು ಅನುಮಾನಿಸಿದ ಹಾಗೆ. ಮರ್ಯಾದೆ ನೋಡು, ಒಳಗಿನ ತುಕ್ಕಿಗೂ ಸಲ್ಲುತ್ತಿತ್ತು! ಗಾಲಿ ಕಿರುಗುಟ್ಟಿದರೆ ಹೊರಗಿನಿಂದಲೇ ಇನ್ನಷ್ಟು ಗ್ರೀಸ್ ಮೆತ್ತಿ ಸುಮ್ಮನಾಗುತ್ತಿದ್ದರು.

ಒಂದು ಸಲ ಇಳಿಜಾರಿನ ನಡುವೆಯೇ ನಮ್ಮ ಟ್ರೇಲರಿನವನ ಗಾಡಿಯ ಗಾಲಿ ಕಳಚಿತು. ದೋಣಿ ಜಾರಿ ಬಂತು. ಹಿಂದೆ ಹಗ್ಗ ಹಿಡಿದು ನಿಂತಿದ್ದ ಅವನ ತಮ್ಮನ ಕಾಲು ಮುರಿಯಿತು, ಮತ್ತೆ ನೆಟ್ಟಗಾಗಲಿಲ್ಲ. “ಹಣೆಬರಹ” ಎಂದ ಗುರಿಕಾರ. ಎಲ್ಲರೂ ತಲೆಯಾಡಿಸಿದರು. ಟ್ರೇಲರಿನವನು ಮನೆಗೆ ಹೋಗಿ ಉಳಿದ ಗಾಲಿಯನ್ನು ಬಿಚ್ಚಿದ. ಹೊರಗೆ ಬೆಣ್ಣೆಯಂಥ ಗ್ರೀಸ್. ಒಳಗೆ ಬೇರಿಂಗ್ ತುಕ್ಕು ಹಿಡಿದು ಉದುರುತ್ತಿತ್ತು. ಅವನಿಗೆ ಮೈಯೆಲ್ಲ ಉರಿಯಿತು. ಹಣೆಬರಹವನ್ನು ಬಿಚ್ಚಿ ನೋಡಲಾಗದು ಸರಿ, ಗಾಲಿಯನ್ನು ನೋಡಬಹುದಿತ್ತಲ್ಲ ಎಂದು ತನ್ನನ್ನೂ ಊರನ್ನೂ ಸೇರಿಸಿ ಬೈದುಕೊಂಡ.

ಮುಂದಿನ ಹಂಗಾಮಿಗೆ ಅವನು ಗ್ರೀಸಿನ ಬದಲು ಎಣ್ಣೆ ತುಂಬುವ ಗಾಲಿ ಹಾಕಿಸಿದ. ಗಾಲಿಯ ನಡುವೆ ಗಾಜಿನ ಮುಚ್ಚಳ. ಒಳಗಿನ ಎಣ್ಣೆ ಹೊರಗಿನಿಂದಲೇ ಕಾಣುತ್ತಿತ್ತು. ನೀರು ಸೇರಿದರೆ ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಗುರಿಕಾರ ಗ್ರೀಸಿನ ಡಬ್ಬಿ ಹಿಡಿದು ಬಂದಾಗ ಇವನು ಕೈಮುಗಿದು ಬೇಡ ಎಂದ.

“ಎಂತ ಮಾರಾಯ, ನನ್ನ ಕೈ ಮೇಲೆ ನಂಬಿಕೆ ಇಲ್ವಾ ನಿಂಗೆ?”

“ನಿಮ್ಮ ಕೈ ಮೇಲೆ ಉಂಟು ಗುರಿಕಾರ್ರೇ. ಕಣ್ಣಿಗೆ ಕಾಣದ್ದರ ಮೇಲೆ ಇಲ್ಲ.”

ಗುರಿಕಾರ ಮುಖ ಗಂಟಿಕ್ಕಿಕೊಂಡು ಹೋದ. ದಂಡೆಯವರು ಇವನ ಜೊತೆ ಮಾತು ಬಿಟ್ಟರು.

ಆಮೇಲೊಂದು ಬೆಳಿಗ್ಗೆ, ಟ್ರೇಲರುಗಳೆಲ್ಲ ಸಾಲಾಗಿ ನಿಂತಿದ್ದಾಗ, ಇವನದೇ ಒಂದು ಗಾಲಿಯ ಎಣ್ಣೆ ಬೆಳ್ಳಗಾಗಿತ್ತು. ಮುಚ್ಚಿಡುವ ಹಾಗಿರಲಿಲ್ಲ, ಊರಿಗೇ ಕಾಣುತ್ತಿತ್ತು. ಇವನು ಟ್ರೇಲರನ್ನು ಪಕ್ಕಕ್ಕೆ ನಿಲ್ಲಿಸಿ ಗಾಲಿ ಬಿಚ್ಚಲು ಕೂತ. ದಂಡೆಗೆ ದಂಡೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ನಾನು ಮುಚ್ಚಿದ ಒಂದು ಗಾಲಿಯಾದ್ರೂ ಹೀಗೆ ಹಾಳಾದದ್ದು ಕಂಡಿದ್ದೀರಾ?” ಎಂದು ಗುರಿಕಾರ ಎಲ್ಲರನ್ನೂ ಕೇಳಿದ. ಆಮೇಲೆ ಇವನತ್ತ ತಿರುಗಿ, “ನನ್ನ ಗ್ರೀಸ್ ಹಾಕಿಸ್ಕೋ. ಇಲ್ಲ, ಈ ದಂಡೆಯಿಂದ ಗಾಡಿ ತೆಗಿ” ಎಂದ.

ಆ ದಂಡೆ ಬಿಟ್ಟರೆ ಟ್ರೇಲರಿನವನಿಗೆ ಬೇರೆ ಹೊಟ್ಟೆಪಾಡಿರಲಿಲ್ಲ. ಆದರೂ ಎದ್ದು ನಿಂತು ಕೈಲಿದ್ದ ಸ್ಪ್ಯಾನರನ್ನು ಗುರಿಕಾರನ ಮುಂದೆ ಹಿಡಿದ.

“ಗ್ರೀಸೂ ಹಾಕಿಸ್ಕೊಳ್ಳುದಿಲ್ಲ, ಗಾಡಿಯೂ ತೆಗೀಲಿಕ್ಕಿಲ್ಲ. ನನ್ನದು ಹಾಳಾಗಿದೆ, ಎಲ್ಲರೂ ನೋಡಿದ್ರಿ. ಈಗ ಈ ಸಾಲಲ್ಲಿ ನಿಮಗೆ ಬೇಕಾದ ಒಂದು ಗಾಲಿ ಬಿಚ್ಚಿ. ಒಳಗೆ ತುಕ್ಕು ಇಲ್ಲದಿದ್ರೆ ನಾನೇ ಊರು ಬಿಟ್ಟು ಹೋಗ್ತೇನೆ.”

ನಗು ನಿಂತಿತು. ಗುರಿಕಾರ ಕೈ ಚಾಚಲಿಲ್ಲ. ಇವನು ಸ್ಪ್ಯಾನರ್ ಹಿಡಿದುಕೊಂಡೇ ಸಾಲಿನ ಉದ್ದಕ್ಕೂ ನಡೆದ. ಒಬ್ಬರೂ ತೆಗೆದುಕೊಳ್ಳಲಿಲ್ಲ. ದೋಣಿಯ ಹಿಂದೆ ಹಗ್ಗ ಹಿಡಿಯುವವರು ಮಾತ್ರ ತಮ್ಮ ತಮ್ಮ ಟ್ರೇಲರುಗಳಿಂದ ಮೆಲ್ಲಗೆ ದೂರ ಸರಿದು ನಿಂತರು. ಟ್ರೇಲರಿನವನು ವಾಪಸು ಬಂದು ಕೂತ. ನೀರು ತಡೆಯುವ ಸೀಲ್ ಬದಲಿಸಿದ, ಹೊಸ ಎಣ್ಣೆ ಸುರಿದ, ಎಲ್ಲರ ಕಣ್ಣೆದುರೇ ದೋಣಿಯನ್ನು ನೀರಿಗೆ ಇಳಿಸಿದ. ಗಾಡಿ ತೆಗಿ ಎಂದು ಮತ್ತೆ ಯಾರೂ ಹೇಳಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು. ಮೃತ್ಯುಂಜಯನಿಗೆ ಕತೆ ಅರ್ಧಕ್ಕೇ ನಿಂತಂತೆ ಅನಿಸಿತು. ಕಸಿವಿಸಿಯೂ ಆಯಿತು.

“ಉಳಿದ ಗಾಲಿಗಳಲ್ಲಿ ತುಕ್ಕು ಇತ್ತೇ ಇಲ್ಲವೇ, ಅದನ್ನು ಹೇಳಲೇ ಇಲ್ಲವಲ್ಲ ಗುರುಗಳೇ?” ಎಂದು ಕೇಳಿದ.

ಗುರು ಅವನ ಮುಖವನ್ನೇ ನೋಡುತ್ತ ಹೇಳಿದರು: “ನಿನ್ನದನ್ನು ಬಿಚ್ಚಿ ನೋಡಿ ಎಷ್ಟು ಕಾಲವಾಯಿತು?”