ಸವೆಯದ ಹೊದಿಕೆ

ಸುಮಾತ್ರಾ ದ್ವೀಪದ ಬಾಟಕ್ ಜನರ ನಾಡಿನಲ್ಲಿ, ದೊಡ್ಡ ಸರೋವರದ ದಂಡೆಯ ಮೇಲೆ ಲುಂಬಾನ್ ಪಿನಾಸಾ ಅಂತ ಒಂದು ಪುಟ್ಟ ಊರು. ಅದರ ಯಜಮಾನ ರಾಜಾ ಬಿನ್ಸಾರ್. ಅವನಷ್ಟು ಧಾರಾಳಿ ಸುತ್ತ ಏಳೂರಿನಲ್ಲಿ ಇನ್ನೊಬ್ಬನಿರಲಿಲ್ಲ. ಈ ಮಾತನ್ನು ಹೇಳುತ್ತಿದ್ದವನೂ ಅವನೊಬ್ಬನೇ.

"ನನ್ನ ಮನೆಯಿಂದ ಹೋದ ವಸ್ತು ಯಾವತ್ತಾದರೂ ವಾಪಸು ಬಂದಿದೆಯಾ?" ಎಂದು ಅವನು ಎದೆ ತಟ್ಟಿಕೊಳ್ಳುತ್ತಿದ್ದ. ಬಂದಿರಲಿಲ್ಲ, ನಿಜ. ಹೋಗಿದ್ದರಲ್ಲವೇ ಬರುವುದಕ್ಕೆ!

ಇಂಥವನ ಎರಡನೇ ಮಗಳು ತಿಯುರ್ಮಾಳನ್ನು ಗುಡ್ಡದಾಚೆಯ ಊರಿನ ತೋಗಾರನಿಗೆ ಕೊಡುವುದೆಂದು ನಿಶ್ಚಯವಾಯಿತು. ಹುಡುಗ ಗಟ್ಟಿಗ, ಆದರೆ ಅಂಗೈಯಗಲ ನೆಲವಿಲ್ಲ. ಮದುವೆಯ ದಿನ ದಿಬ್ಬಣದವರು ಅಕ್ಕಿಮೂಟೆ ಹೊತ್ತು, ಹಂದಿ ಹೊಡೆದುಕೊಂಡು ಗುಡ್ಡ ಇಳಿಯುವಾಗ ತೋಗಾರ್ ತನ್ನ ಚಿಕ್ಕಪ್ಪ ಮನಾಹನನ ಪಕ್ಕಕ್ಕೆ ಬಂದ. ಗಂಡಿನ ಕಡೆಯಿಂದ ಸಭೆಯಲ್ಲಿ ಮಾತಾಡುವವನು ಮನಾಹನ್. ಬಾಟಕ್ ಮದುವೆಯಲ್ಲಿ ಮಾತಿಗೆಂದೇ ಒಬ್ಬ ಇರಬೇಕು.

"ಚಿಕ್ಕಪ್ಪ, ಮಾವ ಒಂದು ಗದ್ದೆ ಕೊಡದಿದ್ದರೆ ನಾನು ದೋಣಿ ಹತ್ತಿ ಆಚೆ ದಡಕ್ಕೆ ಕೂಲಿಗೆ ಹೋಗಬೇಕು. ತಿಯುರ್ಮಾಳನ್ನ ಇಲ್ಲೇ ಬಿಟ್ಟು."

"ಗದ್ದೆ ಅಂತ ಬಾಯಲ್ಲಿ ಅನ್ನಬೇಡ ಮಗಾ, ಸಭ್ಯತೆ ಅಲ್ಲ. ಮಗಳಿಗೆ ತಂದೆ ಕೊಡೋ ಗದ್ದೆಗೆ 'ಸವೆಯದ ಹೊದಿಕೆ' ಅಂತಲೇ ಹಿರಿಯರು ಹೆಸರಿಟ್ಟಿದ್ದಾರೆ. ಅದನ್ನ ನಾವು ಕೇಳೋ ಹಾಗಿಲ್ಲ. ಅವರೇ ಹೇಳಬೇಕು."

"ಅವರು ಹೇಳ್ತಾರಾ?"

"ದೊಡ್ಡ ಮಗಳಿಗೆ ಒಂದು ಹರಕಲು ಉಲೋಸ್ ಶಾಲು ಹೊದಿಸಿ ಕಳಿಸಿದ ಮಹಾನುಭಾವರು. ನೋಡೋಣ."

ಮನಾಹನ್ ಯೋಚಿಸುತ್ತಾ ಗುಡ್ಡ ಇಳಿದ. ಹೆಣ್ಣು ಕೊಟ್ಟವರು ದೇವರ ಸಮಾನ. ಅವರೆದುರು ವಾದಿಸುವಂತಿಲ್ಲ, ಬೇಡುವಂತಿಲ್ಲ. ಹೊಗಳಬಹುದು, ಅಷ್ಟೇ.

ಹಂದಿಮಾಂಸದ ಪಾಲು ಹಂಚಿಕೆಯಾಗಿ ಊಟ ಮುಗಿಯಿತು. ಅಂಗಳದಲ್ಲಿ ಎರಡೂ ಕಡೆಯ ಹಿರಿಯರು ಚಾಪೆಯ ಮೇಲೆ ಕೂತರು. ರಾಜಾ ಬಿನ್ಸಾರ್ ಒಂದು ಉಲೋಸನ್ನು, ಅಂದರೆ ಹರಸಿ ಹೊದಿಸುವ ಕೈಮಗ್ಗದ ಶಾಲನ್ನು, ಗತ್ತಿನಿಂದ ಬಿಡಿಸಿದ. ಇಲಿಗಳು ಅದರ ಮೇಲೆ ಬಹಳ ವರ್ಷ ಶ್ರಮಪಟ್ಟಿದ್ದವು. ಹೆಣ್ಣಿನ ತಾಯಿ ತಲೆ ತಗ್ಗಿಸಿದಳು.

ಮನಾಹನ್ ಮೊಣಕಾಲೂರಿ ಕೈ ಮುಗಿದ. "ಆಹಾ, ರಾಜಾ! ಎಂಥ ಹೊದಿಕೆ! ನಮ್ಮೂರಿನ ಹೊದಿಕೆಗಳಿಗೆ ಸಂಸ್ಕಾರವೇ ಇಲ್ಲ, ಗಾಳಿಯನ್ನ ಬಾಗಿಲಲ್ಲೇ ತಡೆದು ನಿಲ್ಲಿಸ್ತವೆ. ಇದು ಗಾಳಿಯನ್ನ ಒಳಕ್ಕೆ ಕರೆದು ಉಪಚರಿಸುತ್ತೆ."

ಬಿನ್ಸಾರ್ ಮೀಸೆ ನೀವಿಕೊಂಡ. ಹೊಗಳಿಕೆಯಲ್ಲಿ ಕಲ್ಲು ಆರಿಸುವ ಅಭ್ಯಾಸ ಅವನಿಗಿರಲಿಲ್ಲ.

"ಒಂದೇ ಭಯ ರಾಜಾ. ನಾವು ಮಣ್ಣಲ್ಲಿ ದುಡಿಯೋ ಒರಟರು. ಇದು ಎಷ್ಟು ವರ್ಷ ಬಾಳುತ್ತೆ ಅಂತ ಅಪ್ಪಣೆ ಕೊಡಿಸಿದರೆ ಅಷ್ಟು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡ್ತೀವಿ. ಎರಡು ವರ್ಷ?"

"ಎರಡಾ! ಬಿನ್ಸಾರನ ಮನೆ ಹೊದಿಕೆಗೆ ಎರಡಾ!"

"ತಪ್ಪಾಯ್ತು. ಹತ್ತು?"

"ನನ್ನ ಏನಂದ್ಕೊಂಡಿದ್ದೀಯಯ್ಯಾ?"

"ದಡ್ಡ ನಾನು. ಇಪ್ಪತ್ತು ಅಂದುಬಿಡ್ಲಾ ರಾಜಾ? ಜಾಸ್ತಿಯಾಯ್ತೇನೋ..."

ಬಿನ್ಸಾರ್ ಎದ್ದೇ ನಿಂತ. "ಇಪ್ಪತ್ತಲ್ಲ, ನೂರಲ್ಲ! ಎಲ್ಲರೂ ಕೇಳಿ! ನಾನು ನನ್ನ ಮಗಳಿಗೆ ಕೊಡ್ತಿರೋದು ಸವೆಯದ ಹೊದಿಕೆ!"

ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎರಡೂ ಕಡೆಯ ಹಿರಿಯರು ಪದ್ಧತಿಯಂತೆ ಒಕ್ಕೊರಲಿನಿಂದ, "ಇಮಾ ತುತು! ಹಾಗೇ ಆಗಲಿ!" ಎಂದರು. ಸಭೆ ಹಾಗೆಂದ ಮೇಲೆ ಆಡಿದ ಮಾತು ಆಡಿದವನ ಕೈಯಲ್ಲಿರುವುದಿಲ್ಲ.

ಬಿನ್ಸಾರನ ಮುಖ ಬಿಳಿಚಿಕೊಂಡಿತು. "ಏ, ಏ! ನಾನು ಹೇಳಿದ್ದು ಈ ಉಲೋಸಿನ ವಿಷಯ!"

ಮನಾಹನ್ ಉಲೋಸಿನ ಒಂದು ತೂತಿನಲ್ಲಿ ಕೈ ತೂರಿಸಿ, ಆಚೆಯಿಂದ ಬೆರಳು ಆಡಿಸಿದ. "ಇದು ಆಗಲೇ ಸವೆದಿದೆಯಲ್ಲ ರಾಜಾ. ಇದನ್ನೇ ಸವೆಯದ ಹೊದಿಕೆ ಅಂದರೆ ತಾವು ತುಂಬಿದ ಸಭೆಯಲ್ಲಿ ಸುಳ್ಳು ಹೇಳಿದ ಹಾಗಾಗುತ್ತೆ. ಹೆಣ್ಣು ಕೊಟ್ಟ ದೇವರ ಮೇಲೆ ಅಂಥ ಅಪವಾದ ಹೊರಿಸೋಕೆ ನನ್ನ ನಾಲಿಗೆ ಏಳಲ್ಲ."

"ಏಳಲ್ಲ, ನಮಗೂ ಏಳಲ್ಲ" ಎಂದರು ಹಿರಿಯರು. ಬಿನ್ಸಾರನ ಸ್ವಂತ ಅಣ್ಣ ಎಲ್ಲರಿಗಿಂತ ಜೋರಾಗಿ ಅಂದ.

ಬಿನ್ಸಾರ್ ಹಲ್ಲು ಕಡಿದ. ಆಮೇಲೆ ಅವನಿಗೆ ಏನೋ ಹೊಳೆಯಿತು.

"ಆಯ್ತು. ತೊರೆ ಪಕ್ಕದ ಗದ್ದೆ ಕೊಟ್ಟೆ. ಆದರೆ ಕೊಟ್ಟ ಹೊದಿಕೆ ಹೊತ್ತು ಮುಳುಗೋದರೊಳಗೆ ಗಂಡಿನ ಊರು ಸೇರಬೇಕು, ಅದೂ ಪದ್ಧತಿ. ಹೊತ್ಕೊಂಡು ಗುಡ್ಡ ಹತ್ತಿ. ಆಗದಿದ್ದರೆ ಗದ್ದೆ ನನ್ನದೇ!"

ತೋಗಾರ್ ಕಂಗಾಲಾಗಿ ಚಿಕ್ಕಪ್ಪನ ಮುಖ ನೋಡಿದ. ಮನಾಹನ್ ಅವನ ಹೆಗಲ ಮೇಲಿನ ಧೂಳು ಕೊಡವಿ, ರಾಜನ ಎದುರಿಗೆ ತಂದು ಕೂರಿಸಿದ.

"ಹೊರೋಕೆ ಹುಡುಗ ಸಿದ್ಧ. ಆದರೆ ಹೆಣ್ಣಿನ ತಂದೆ ತನ್ನ ಕೈಯಾರೆ ಎತ್ತಿ ಅಳಿಯನ ಹೆಗಲಿಗೆ ಹೊದಿಸಬೇಕು, ಅದು ಇನ್ನೂ ಹಳೇ ಪದ್ಧತಿ. ತಾವು ಗದ್ದೆ ಎತ್ತಿ ಇವನ ಹೆಗಲಿಗೆ ಹಾಕಿಬಿಡಿ ರಾಜಾ. ಅಲ್ಲಿಂದ ಮುಂದಕ್ಕೆ ನಮ್ಮ ಭಾರ."

ಮೊದಲು ನಕ್ಕವಳು ಹೆಣ್ಣಿನ ತಾಯಿ. ಆಮೇಲೆ ಇಡೀ ಅಂಗಳ. ಕೊನೆಗೆ ಬಿನ್ಸಾರನೂ ನಕ್ಕ, ನಗದೆ ಉಳಿದವನು ತಾನೊಬ್ಬನೇ ಎಂದು ಗೊತ್ತಾದ ಮೇಲೆ.

"ಗದ್ದೆ ಇದ್ದಲ್ಲೇ ಇರಲಿ ಮಾರಾಯಾ, ಅಳಿಯನೇ ಅಲ್ಲಿಗೆ ಹೋಗಿ ಉಳಲಿ" ಎಂದು ಕಣ್ಣೊರೆಸಿಕೊಂಡ. ಆಮೇಲೆ ಮಾಂಸದಲ್ಲಿ ತನಗೆಂದು ತೆಗೆದಿಟ್ಟಿದ್ದ ದೊಡ್ಡ ತುಂಡನ್ನು ಮನಾಹನನ ಕೈಗಿಟ್ಟು, ಹತ್ತಿರ ಬಾಗಿ ಪಿಸುಗುಟ್ಟಿದ. "ನೋಡಯ್ಯಾ, ಇನ್ನೊಬ್ಬ ಮಗಳಿದ್ದಾಳೆ. ಅವಳ ಮದುವೆಗೆ ನೀನು ನನ್ನ ಕಡೆಯಿಂದ ಮಾತಾಡಬೇಕು."

"ಅದಕ್ಕೇನಂತೆ ರಾಜಾ, ಖಂಡಿತ ಮಾತಾಡ್ತೀನಿ" ಎಂದ ಮನಾಹನ್. "ತಾವು ಮಾತಾಡದಿದ್ದರೆ ಸಾಕು."