ಪದ್ಮಲೆ ಹೇಳದೆ ಉಳಿದ ಮಾತು

"ಕೇಳಿ ಜನಗಳೇ, ಕೇಳಿ. ಬಿಜ್ಜರಸರ ಮಗಳು ಪದ್ಮಲೆ ಮೂರು ಒಗಟು ಹಾಕುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಮಗಳನ್ನೂ ಅರ್ಧ ರಾಜ್ಯವನ್ನೂ ಧಾರೆಯೆರೆದು ಕೊಡಲಾಗುವುದು. ತಪ್ಪಿದವನ ತಲೆ ಹೋಗುವುದು."

ಹೀಗೆಂದು ಊರೂರಿಗೂ ಡಂಗುರ ಸಾರಿದರು. ತಲೆಯ ಮಾತು ಅರಸ ಸೇರಿಸಿದ್ದು, ಹುಡುಗಾಟದವರು ಬರದಿರಲಿ ಅಂತ. ಪದ್ಮಲೆ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. 

ತಾಯಿಯಿಲ್ಲದ ಹುಡುಗಿ. ಮೈತುಂಬ ಕೆಂಪು ದದ್ದು, ತುರಿ, ಉರಿ. ಏಳು ವರ್ಷದಿಂದ ಪರದೆಯ ಹಿಂದೆಯೇ ಇದ್ದಳು. ವೈದ್ಯರು ಸೋತರು. ಅರಸ ಮಾತ್ರ ಸೋಲದೆ, ಮಗಳು ಮೀಯುವ ಸಾಬೂನನ್ನು ಯಾರಿಗೂ ಬಿಡದೆ ತಾನೇ ಕಾಯಿಸಿ ಕೊಡುತ್ತಿದ್ದ.

ಮೊದಲು ಸಾಮಂತನ ಮಗ ಬಂದ. ಪದ್ಮಲೆ ಪರದೆಯ ಹಿಂದಿನಿಂದ ಕೇಳಿದಳು: "ಕಸ ಗುಡಿಸಲು ಕರೆದ ಆಳು, ಕಸದ ಜೊತೆ ಗೋಡೆಯ ಗಾರೆಯನ್ನೂ ಕೆರೆದುಕೊಂಡು ಹೋಗುತ್ತಾನೆ. ಯಾರವನು?"

"ಕಳ್ಳ," ಅಂದ ಅವನು. ಮರುದಿನ ಬಂದ ಶಾಸ್ತ್ರಿ "ಕಾಲ" ಅಂದ. ಇಬ್ಬರ ತಲೆಯೂ ಹೋಯಿತು.

ಮೂರನೆಯವನು ಅರಮನೆಯ ಬಟ್ಟೆ ಒಗೆಯುವ ಮಡಿವಾಳರ ಮಾಚ. ಆನೆಗಳೇ ಕೊಚ್ಚಿಹೋದ ಹೊಳೆಗೆ ಕತ್ತೆ ಇಳಿಯಿತು ಅಂತ ಸಭೆ ನಕ್ಕಿತು. ಪದ್ಮಲೆ ಅದೇ ಒಗಟನ್ನು ಕೇಳಿದಳು.

"ಚೌಳು ಕಣವ್ವ," ಅಂದ ಮಾಚ. "ನಾವು ಬಟ್ಟೆ ಒಗೆಯೋ ಮಣ್ಣಿನ ಖಾರ. ಕೊಳೆ ಜೊತೆ ಮೈಯ ಜಿಡ್ಡನ್ನೂ ಎಳ್ಕೊಂಡು ಹೋಯ್ತದೆ. ಅದಕ್ಕೇ ಹಸುಗೂಸಿನ ಬಟ್ಟೆಗೆ ನಾವು ಚೌಳು ಮುಟ್ಟಿಸಾಕಿಲ್ಲ, ಅಂಟುವಾಳದಲ್ಲಿ ಒಗೀತೀವಿ."

ಸಭೆಯ ನಗು ನಿಂತಿತು. ಪದ್ಮಲೆ ಎರಡನೆಯ ಒಗಟು ಹಾಕಿದಳು.

"ಅತಿಥಿ ಬಂದ. ಕಣ್ಣಿಗೆ ಕಾಣಲಿಲ್ಲ, ಆದರೂ ಎಲ್ಲರೂ ಹೊಗಳಿದರು. ಆಮೇಲೆ ನೋಡಿದರೆ ಮನೆತುಂಬ ಅವನ ಉಗುರಿನ ಗೀರು."

"ಪರಿಮಳ. ನಿಮ್ಮ ಸೀರೆ ಒಗೆಯೋನು ನಾನೇ. ದಾಲ್ಚಿನ್ನಿ ತೈಲದ ಘಮ ಎಲ್ಲಿ ಜಾಸ್ತಿಯೋ ಅಲ್ಲೇ ರಕ್ತದ ಗೀರೂ ಜಾಸ್ತಿ."

ಅರಸನ ಮುಖ ಕಪ್ಪಿಟ್ಟಿತು. ಪದ್ಮಲೆ ಮೂರನೆಯ ಒಗಟು ಹಾಕಿದಳು.

"ದಿನಾ ಮುದ್ದಿಸುತ್ತದೆ, ದಿನಾ ಸುಡುತ್ತದೆ. ಸುಡುತ್ತಿದ್ದೇನೆ ಅಂತ ಅದಕ್ಕೆ ಗೊತ್ತಿಲ್ಲ. ಯಾವುದದು?"

ತಪ್ಪು ಹೇಳಿದರೆ ಸಾವು, ಸರಿ ಹೇಳಿದರೂ ಉಳಿಯುವ ಭರವಸೆ ಇರಲಿಲ್ಲ. ಮಾಚ ಸಿಂಹಾಸನದ ಕಡೆ ತಿರುಗಿ ಕೈಮುಗಿದ.

"ನಿಮ್ಮ ಕೈ, ಬುದ್ದಿ."

ಅರಸ ತನ್ನ ಅಂಗೈ ನೋಡಿಕೊಂಡ. "ದದ್ದು ಹೆಚ್ಚಿದಾಗೆಲ್ಲ ಸಾಬೂನಿನ ಖಾರ ಸಾಲದು ಅಂತ ಚೌಳು ಹೆಚ್ಚಿಸಿದೆ. ಚೌಳಿನ ವಾಸನೆಗೆ ಅಂತ ತೈಲ ಸುರಿದೆ. ನೀನು ಹೇಳಬಾರದಿತ್ತೇ ಮಗಳೇ?"

"ಅಮ್ಮ ಹೋದ ಮೇಲೆ ನೀವು ನಗುತ್ತಿದ್ದುದು ಆ ಸಾಬೂನು ಕಾಯಿಸುವಾಗ ಮಾತ್ರ, ಅಪ್ಪಾಜಿ. ನನ್ನ ಬಾಯಿಂದ ಬರಲಿಲ್ಲ. ಹೊರಗಿನವರು ಯಾರಾದರೂ ಹೇಳಲಿ ಅಂತ ಕಾದೆ."

ಅರಸ ಮಾತಿಗೆ ತಪ್ಪಲಿಲ್ಲ. ಆದರೆ ಮಾಚ, "ನಾನು ಮದುವೆ ಆಸೆಗೆ ಬರಲಿಲ್ಲ ಬುದ್ದಿ. ಸತ್ತ ಇಬ್ಬರ ಬಟ್ಟೆಯನ್ನೂ ನಾನೇ ಒಗೆದೆ. ಮೂರನೆಯವನದ್ದು ಒಗೆಯಾಕೆ ಆಗ್ದೆ ಬಂದೆ," ಅಂದ. ಆ ಮಾತು ಕೇಳಿಯೇ ಪದ್ಮಲೆ ಪರದೆ ಸರಿಸಿ ಹೊರಬಂದಳು, ಮದುವೆಯಾದರೆ ಇವನನ್ನೇ ಅಂದಳು.

ಸಾಬೂನು ಬಿಟ್ಟು ಬರೀ ಹೆಸರುಹಿಟ್ಟಿನಲ್ಲಿ ಮಿಂದಳು. ಎರಡು ತಿಂಗಳಿಗೆ ಮೈ ತಿಳಿಯಾಯಿತು. ಮದುವೆಗೆ ಮುಂಚೆ ಅವಳೂ ಮಾಚನೂ ಸತ್ತವರ ಮನೆಗೆ ನಡೆದು ಹೋದರು. ಸಾಮಂತನ ಮಗನ ತಾಯಿ ಬಾಗಿಲು ತೆಗೆಯಲಿಲ್ಲ. ಶಾಸ್ತ್ರಿಯ ತಾಯಿ ಮಣೆ ಹಾಕಿದಳು, ನೀರು ಕೊಟ್ಟಳು.

"ಉತ್ತರ ನಿನಗೆ ಮೊದಲೇ ಗೊತ್ತಿತ್ತೇನಮ್ಮ?"

"ಗೊತ್ತಿತ್ತು ತಾಯಿ."

"ನಿಮ್ಮಪ್ಪನಿಗೆ ಹೇಳಿಬಿಡಬಹುದಿತ್ತಲ್ಲೇ," ಅಂದಳು ಮುದುಕಿ.

ಪದ್ಮಲೆ ಅರ್ಧ ರಾಜ್ಯ ಆಳಿದಳು, ಮಕ್ಕಳು ಮೊಮ್ಮಕ್ಕಳನ್ನು ಕಂಡಳು. ಆ ಮುದುಕಿಗೆ ಏನು ಹೇಳಬೇಕಿತ್ತು ಅನ್ನುವುದು ಮಾತ್ರ ಅವಳಿಗೆ ಕೊನೆಗೂ ತಿಳಿಯಲಿಲ್ಲ.